ಒಂದೆಳೆ ಒಳಗೆ, ಒಂದೆಳೆ ಹೊರಗೆ: ಬ್ಯಾಕ್ಟೀರಿಯಗಳು ಡಿಎನ್‌ಎ ಎಳೆದುಕೊಳ್ಳುವ ಬಗೆ

(ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಇವತ್ತಿನ ಮಾತನ್ನು ಒಂದು ಪದದಿಂದಲೇ ಶುರು ಮಾಡಬೇಕು, ಗೊಂದಲವೆಲ್ಲ ಹುಟ್ಟುವುದು ಅಲ್ಲಿಂದ. ಆ ಪದ ಟ್ರಾನ್ಸ್‌ಫರ್ಮೇಶನ್. ಬಿಎಸ್ಸಿ ಪ್ರಾಕ್ಟಿಕಲ್‌ನಲ್ಲಿ ಇ. ಕೋಲಿಯನ್ನು ಕ್ಯಾಲ್ಸಿಯಂ ಕ್ಲೋರೈಡಿನಲ್ಲಿ ನೆನೆಸಿ, 42 ಡಿಗ್ರಿ ನೀರಿಗೆ ಅದ್ದಿ ತೆಗೆದು ಪ್ಲಾಸ್ಮಿಡ್ (ಬಳೆಯಂಥ ಪುಟ್ಟ ಡಿಎನ್‌ಎ) ಸೇರಿಸುತ್ತೇವಲ್ಲ, ಅದಕ್ಕೂ ಇದೇ ಹೆಸರು. ನಮ್ಮ ಮೂಗು-ಗಂಟಲಿನಲ್ಲಿ ಕೂತ, ನ್ಯುಮೋನಿಯ ತರುವ ನ್ಯುಮೋಕಾಕಸ್ ಎಂಬ ಬ್ಯಾಕ್ಟೀರಿಯ ಪಕ್ಕದಲ್ಲಿ ಸತ್ತುಬಿದ್ದ ಇನ್ನೊಂದು ಬ್ಯಾಕ್ಟೀರಿಯದ ಡಿಎನ್‌ಎಯನ್ನು ತಾನಾಗಿ ಒಳಗೆಳೆದುಕೊಳ್ಳುತ್ತದೆ, ಅದಕ್ಕೂ ಇದೇ ಹೆಸರು. ಮೊದಲನೆಯದರಲ್ಲಿ ನಾವು ಗೋಡೆಗೆ ಕನ್ನ ಹಾಕುತ್ತೇವೆ. ಎರಡನೆಯದರಲ್ಲಿ ಮನೆಯವರೇ ಬಾಗಿಲು ತೆರೆದು ಹಗ್ಗ ಬೀಸಿ ಸಾಮಾನು ಎಳೆದುಕೊಳ್ಳುತ್ತಾರೆ, ಎಳೆಯುವಾಗ ಅರ್ಧವನ್ನು ಹೊಸಿಲಲ್ಲೇ ಕತ್ತರಿಸಿ ಬಿಡುತ್ತಾರೆ.

ಆ ಕತ್ತರಿಸಿದ ಅರ್ಧವೇ ಇವತ್ತಿನ ವಿಷಯ. ಡಿಎನ್‌ಎ ಎಂದರೆ ಒಂದಕ್ಕೊಂದು ಹೆಣೆದುಕೊಂಡ ಎರಡು ಎಳೆ. ಕನ್ನದ ದಾರಿಯಲ್ಲಿ ಎರಡೂ ಎಳೆ ಇದ್ದ ಹಾಗೇ ಒಳಗೆ ಬೀಳುತ್ತವೆ. ಸಹಜ ದಾರಿಯಲ್ಲಿ ಒಂದೇ ಎಳೆ ಒಳಕ್ಕೆ ಹೋಗುತ್ತದೆ, ಇನ್ನೊಂದು ಚೂರುಚೂರಾಗುತ್ತದೆ. ಯಾವ ಡಿಎನ್‌ಎ ಕೊಡಬೇಕು, ಎಷ್ಟು ಕೊಡಬೇಕು, ಒಂದು ಕಡೆ ಕೆಲಸ ಮಾಡಿದ್ದು ಇನ್ನೊಂದು ಕಡೆ ಯಾಕೆ ಕೈಕೊಡುತ್ತದೆ ಎಂಬ ಪ್ರಶ್ನೆಗಳಿಗೆ ಹೆಚ್ಚಿನ ಉತ್ತರ ಈ ಒಂದು ವ್ಯತ್ಯಾಸದಲ್ಲೇ ಇದೆ.

ಮೊದಲ ಸುಳಿವು

1928ರಲ್ಲಿ ಫ್ರೆಡ್ರಿಕ್ ಗ್ರಿಫಿತ್ ಲಂಡನ್ನಿನಲ್ಲಿ ಮಾಡಿದ ಇಲಿ ಪ್ರಯೋಗವನ್ನು ಪಿಯುಸಿ ಪುಸ್ತಕದಲ್ಲೇ ಓದಿರುತ್ತೀರಿ: ಕವಚವಿಲ್ಲದ ಜೀವಂತ ನ್ಯುಮೋಕಾಕಸ್ ಜೊತೆಗೆ, ಕವಚವಿರುವ ಆದರೆ ಕಾಯಿಸಿ ಕೊಂದ ನ್ಯುಮೋಕಾಕಸ್. ಎರಡನ್ನೂ ಒಟ್ಟಿಗೆ ಚುಚ್ಚಿದರೆ ಇಲಿ ಸಾಯುತ್ತದೆ, ಅದರ ರಕ್ತದಲ್ಲಿ ಕವಚವಿರುವ ಜೀವಂತ ಬ್ಯಾಕ್ಟೀರಿಯ ಸಿಗುತ್ತದೆ. ಪುಸ್ತಕಗಳು ಸಾಮಾನ್ಯವಾಗಿ ಬಿಟ್ಟುಬಿಡುವ ಒಂದು ಅಂಶವಿದೆ. ಗ್ರಿಫಿತ್ ಕಾಯಿಸಿದ್ದು ಕುದಿಯುವ ತನಕ ಅಲ್ಲ, 60 ಡಿಗ್ರಿಗೆ. ಆ ಶಾಖಕ್ಕೆ ಬ್ಯಾಕ್ಟೀರಿಯ ಸಾಯುತ್ತದೆ, ಆದರೆ ಡಿಎನ್‌ಎಯ ಎರಡೆಳೆಗಳು ಬಿಡಿಸಿಕೊಳ್ಳುವುದಿಲ್ಲ. ಜೀವ ಹೋಗಿದೆ, ಬರಹ ಉಳಿದಿದೆ. ಈ ಮಾತಿಗೆ ಕೊನೆಯಲ್ಲಿ ಮತ್ತೆ ಬರುತ್ತೇವೆ.

ಆ 'ಬರಹ' ಡಿಎನ್‌ಎಯೇ ಎಂದು 1944ರಲ್ಲಿ ತೋರಿಸಿದವರು ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಓಸ್ವಾಲ್ಡ್ ಏವರಿ, ಕಾಲಿನ್ ಮ್ಯಾಕ್ಲಿಯಾಡ್ ಮತ್ತು ಮ್ಯಾಕ್ಲಿನ್ ಮೆಕಾರ್ಟಿ. 75 ಲೀಟರ್ ಕಲ್ಚರ್ ಬೆಳೆಸಿ, ಶುದ್ಧಿ ಮಾಡಿ, ಕೊನೆಗೆ ಕೈಗೆ ಬಂದದ್ದು 10ರಿಂದ 25 ಮಿಲಿಗ್ರಾಂ. ಪ್ರೋಟೀನ್ ಕರಗಿಸುವ ಕಿಣ್ವ ಹಾಕಿದರೂ ಆರ್‌ಎನ್‌ಎ ಕರಗಿಸುವ ಕಿಣ್ವ ಹಾಕಿದರೂ ಅದರ ಶಕ್ತಿ ಕುಂದಲಿಲ್ಲ. ಡಿಎನ್‌ಎ ಕರಗಿಸುವ ಕಿಣ್ವ ಹಾಕಿದಾಗ ಮಾತ್ರ ಹೋಯಿತು. ಅವರನ್ನು ಗೋಳು ಹೊಯ್ದುಕೊಂಡದ್ದು ಡಿಎನ್‌ಎಗಿಂತ ಅದನ್ನು ತೆಗೆದುಕೊಳ್ಳಬೇಕಾದ ಬ್ಯಾಕ್ಟೀರಿಯ. ಮಾಂಸದ ಸಾರನ್ನು ಇದ್ದಿಲಿನಲ್ಲಿ ಶುದ್ಧಿ ಮಾಡಬೇಕು, ಅದಕ್ಕೆ ದೇಹದ್ರವ ಬೆರೆಸಬೇಕು, ಅಷ್ಟಾದರೂ ಎಲ್ಲ ಸಾರೂ ಒಂದೇ ಥರ ಫಲ ಕೊಡುತ್ತಿರಲಿಲ್ಲ. ಕಾರಣ ಈಗ ಗೊತ್ತು. ನ್ಯುಮೋಕಾಕಸ್ ಬಾಗಿಲು ಯಾವಾಗಲೂ ತೆರೆದಿರುವುದಿಲ್ಲ.

ಬಾಗಿಲು ತೆರೆಯುವ ಗಳಿಗೆ

ಡಿಎನ್‌ಎ ತೆಗೆದುಕೊಳ್ಳುವ ಸ್ಥಿತಿಗೆ ಕಾಂಪಿಟೆನ್ಸ್ ಎನ್ನುತ್ತಾರೆ. 'ಸಾಮರ್ಥ್ಯ' ಎಂದು ಅನುವಾದಿಸಬಹುದು, ಆದರೆ ಲ್ಯಾಬಿನಲ್ಲಿ ಯಾರೂ ಹಾಗೆ ಹೇಳುವುದಿಲ್ಲ, ನಾವೂ ಕಾಂಪಿಟೆಂಟ್ ಎಂದೇ ಅನ್ನೋಣ.

ನ್ಯುಮೋಕಾಕಸ್‌ನಲ್ಲಿ ಇದಕ್ಕೆ ಅಪ್ಪಣೆ ಕೊಡುವುದು 17 ಅಮೈನೋ ಆಮ್ಲಗಳ ಒಂದು ಪುಟ್ಟ ಪೆಪ್ಟೈಡ್, ಸಿಎಸ್‌ಪಿ. ಪ್ರತಿ ಕೋಶವೂ ಇದನ್ನು ಸ್ವಲ್ಪ ಸ್ವಲ್ಪ ಹೊರಗೆ ಬಿಡುತ್ತಿರುತ್ತದೆ. ಸುತ್ತಲಿನ ದ್ರವದಲ್ಲಿ ಅದರ ಪ್ರಮಾಣ ಒಂದು ಮಟ್ಟ ದಾಟಿದರೆ ಕೋಶದ ಹೊರಮೈಯ ಕಾಮ್‌ಡಿ ಎಂಬ ಗ್ರಾಹಕಕ್ಕೆ ತಾಗುತ್ತದೆ. ಅದು ಒಳಗಿರುವ ಕಾಮ್‌ಇಯನ್ನು ಎಚ್ಚರಿಸುತ್ತದೆ, ಕಾಮ್‌ಇ ಕಾಮ್‌ಎಕ್ಸ್ ಎಂಬ ಸಿಗ್ಮಾ ಪ್ರೋಟೀನನ್ನು ತಯಾರಿಸಲು ಹಚ್ಚುತ್ತದೆ. ಡಿಎನ್‌ಎ ಎಳೆಯುವ ಯಂತ್ರದ ಬಿಡಿಭಾಗಗಳ ಜೀನುಗಳನ್ನು ಓದಿಸುವುದು ಈ ಕಾಮ್‌ಎಕ್ಸ್. ಇಷ್ಟೂ ನಡೆಯುವುದಕ್ಕೆ ಹೆಚ್ಚು ಹೊತ್ತು ಬೇಡ. ಸುಮಾರು 20 ನಿಮಿಷಕ್ಕೆ ಉತ್ತುಂಗ, 40 ನಿಮಿಷದ ಹೊತ್ತಿಗೆ ಬಾಗಿಲು ಬಂದ್. ಮುಚ್ಚುವ ಕೆಲಸದಲ್ಲಿ ಡಿಪಿಆರ್‌ಎ ಎಂಬ ಪ್ರೋಟೀನಿಗೂ ಪಾಲಿದೆ. ಅದು ಒಳಬಂದ ಡಿಎನ್‌ಎಯನ್ನು ಕಾಪಾಡುತ್ತ, ಇನ್ನೊಂದು ಕೈಯಲ್ಲಿ ಕಾಮ್‌ಇಯನ್ನು ಹಿಡಿದು ಸುಮ್ಮನಾಗಿಸುತ್ತದೆ. ಸಾಮಾನು ಬಂತು, ಇನ್ನು ಬಾಗಿಲು ಹಾಕಿ ಎಂದ ಹಾಗೆ.

ಕೆಲಸ ಮಾಡುವವರಿಗೆ ಇದರಿಂದ ಸಿಗುವ ಪಾಠಗಳು ನೇರವಾಗಿವೆ. ಕಲ್ಚರ್ ತೀರಾ ತೆಳ್ಳಗಿರುವಾಗ, ಅಂದರೆ ಓಡಿ (ಬೆಳಕು ಹಾಯಿಸಿ ಅಳೆಯುವ ಸಾಂದ್ರತೆ) 0.03ರಿಂದ 0.05 ಇರುವಾಗಲೇ ಹಿಡಿಯಬೇಕು. ರಾತ್ರಿಯಿಡೀ ಬೆಳೆಸಿ ಗಟ್ಟಿಯಾದ ಕಲ್ಚರ್ ಪ್ರಯೋಜನಕ್ಕೆ ಬಾರದು. ಅದಕ್ಕೆ ಮಿಲಿಲೀಟರಿಗೆ 100 ನ್ಯಾನೋಗ್ರಾಂ ಸಂಶ್ಲೇಷಿತ ಸಿಎಸ್‌ಪಿ, 1 ಮಿಲಿಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್, ಶೇಕಡಾ 0.2ರಷ್ಟು ಬಿಎಸ್‌ಎ ಎಂಬ ದನದ ರಕ್ತದ ಪ್ರೋಟೀನ್. ಪಿಎಚ್ 7.8ರ ಆಸುಪಾಸಿನಲ್ಲಿರಬೇಕು. 6.8ಕ್ಕೆ ಇಳಿದರೆ ಬಾಗಿಲು ತಾನಾಗಿ ತೆರೆಯುವುದೇ ಇಲ್ಲ. ಇದನ್ನೇ ಉಪಯೋಗಕ್ಕೆ ತಿರುಗಿಸಿಕೊಂಡು ಕೆಲವರು ಮೊದಲು ಆಮ್ಲೀಯ ಮಾಧ್ಯಮದಲ್ಲಿ ಬೆಳೆಸಿ ಕಾಂಪಿಟೆನ್ಸನ್ನು ತಡೆದಿಡುತ್ತಾರೆ, ಬೇಕಾದ ಗಳಿಗೆಯಲ್ಲಿ ಸ್ವಲ್ಪ ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಬಿಡುಗಡೆ ಮಾಡುತ್ತಾರೆ. ಸಿಎಸ್‌ಪಿ ಹಾಕಿ 10 ನಿಮಿಷಕ್ಕೆ ಡಿಎನ್‌ಎ ಕೊಡಿ. ಒಂದು ಗಂಟೆ ಬಿಟ್ಟು ಕೊಟ್ಟರೆ ಮುಚ್ಚಿದ ಅಂಗಡಿಯ ಮುಂದೆ ನಿಂತಂತೆ.

ಇಲ್ಲಿ ಹೆಚ್ಚು ಜನ ಎಡವುವುದು ಇಡಿಟಿಎ ಎಂಬ ರಾಸಾಯನಿಕದಲ್ಲಿ. ಡಿಎನ್‌ಎಯನ್ನು ಇಡಿಟಿಎ ಇರುವ ಬಫರಿನಲ್ಲಿ ಕರಗಿಸಿ, ಧಾರಾಳವಾಗಿ ಸುರಿದರೆ ಅದು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಬಿಡುತ್ತದೆ. ಕ್ಯಾಲ್ಸಿಯಂ ಇಲ್ಲದೆ ಎಳೆಯುವ ಕೆಲಸ ನಡೆಯದು. ಡಿಎನ್‌ಎ ಚೆನ್ನಾಗಿದೆ, ಕೋಶವೂ ಚೆನ್ನಾಗಿದೆ, ಪ್ಲೇಟ್ ಮಾತ್ರ ಖಾಲಿ. ಇಂಥದ್ದಕ್ಕೆ ಡಿಎನ್‌ಎಯನ್ನು ನೀರಿನಲ್ಲೋ ಇಡಿಟಿಎ ಇಲ್ಲದ ಟ್ರಿಸ್ ಬಫರಿನಲ್ಲೋ ಇಟ್ಟುಕೊಳ್ಳುವುದು ಲೇಸು.

ಎಲ್ಲ ಬ್ಯಾಕ್ಟೀರಿಯಗಳ ಬಾಗಿಲಿಗೂ ಒಂದೇ ಕೀಲಿಯಲ್ಲ. ಗೊನೊರಿಯಾ ತರುವ ನೈಸೀರಿಯ ಸದಾ ಕಾಂಪಿಟೆಂಟ್. ಹಿಮೋಫಿಲಸ್ ಇನ್‌ಫ್ಲುಯೆಂಜೆ ಉಪವಾಸ ಬಿದ್ದರೆ ತೆರೆಯುತ್ತದೆ. ಚೆನ್ನಾಗಿ ಬೆಳೆಯುತ್ತಿರುವುದನ್ನು ಎಂಐವಿ ಎಂಬ ಸಪ್ಪೆ ಮಾಧ್ಯಮಕ್ಕೆ ವರ್ಗಾಯಿಸಿ 100 ನಿಮಿಷ ಬಿಟ್ಟರೆ ಬಹುಪಾಲು ಕೋಶಗಳು ಸಿದ್ಧ. ಕಾಲರಾ ತರುವ ವಿಬ್ರಿಯೋ ಕಾಲರೆಗೆ ಕೈಟಿನ್ ಬೇಕು, ಅಂದರೆ ಏಡಿ-ಸೀಗಡಿಗಳ ಚಿಪ್ಪಿನ ವಸ್ತು. 2005ರಲ್ಲಿ ಇದು ಗೊತ್ತಾದಾಗ ಸೋಜಿಗವಾಗಿದ್ದು ನಿಜ, ಆದರೆ ಯೋಚಿಸಿದರೆ ಸಹಜವೇ. ಅದು ಬದುಕುವುದು ಅಳಿವೆಯ ಉಪ್ಪುನೀರಿನಲ್ಲಿ, ಚಿಪ್ಪುಜೀವಿಗಳ ಮೈಮೇಲೆ. ಮೊಸರು-ಯೋಗರ್ಟ್ ಹೆಪ್ಪಿನ ಸ್ಟ್ರೆಪ್ಟೊಕಾಕಸ್ ಥರ್ಮೊಫಿಲಸ್ ಕೂಡ ಇದೇ ಪಂಗಡದ್ದು, ಅದರ ಪೆಪ್ಟೈಡ್ ಸಂಕೇತ ಬೇರೆ. ಟೊಮೆಟೊ, ಶುಂಠಿಗೆ ಸೊರಗು ರೋಗ ತರುವ ರಾಲ್ಸ್ಟೋನಿಯ ಗುಂಪಿನಲ್ಲೂ ಸಹಜ ಕಾಂಪಿಟೆನ್ಸ್ ಇದೆ. ಶುಂಠಿ ಬೆಳೆಗಾರರಿಗೆ ಇದೇನೂ ಸಮಾಧಾನದ ಸುದ್ದಿಯಲ್ಲ.

ಹಗ್ಗ, ಕತ್ತರಿ, ಕಿಂಡಿ

ಈಗ ಯಂತ್ರವನ್ನು ಹತ್ತಿರದಿಂದ ನೋಡೋಣ.

ಮೊದಲು ಹಗ್ಗ. ಕೋಶದ ಮೇಲಿಂದ ಪೈಲಸ್ ಎಂಬ ಸಣ್ಣ ದಾರ ಹೊರಚಾಚುತ್ತದೆ. 2018ರಲ್ಲಿ ವಿಬ್ರಿಯೋ ಕಾಲರೆಯ ಪೈಲಸ್‌ಗೂ ಡಿಎನ್‌ಎಗೂ ಬೇರೆ ಬೇರೆ ಹೊಳೆಯುವ ಬಣ್ಣ ಹಚ್ಚಿ ಸೂಕ್ಷ್ಮದರ್ಶಕದಡಿ ನೋಡಿದಾಗ ಈ ಆಟ ಕಣ್ಣಾರೆ ಕಂಡಿತು. ಪೈಲಸ್ ಹೊರಗೆ ಹೋಗುತ್ತದೆ, ಅದರ ತುದಿ ಡಿಎನ್‌ಎಗೆ ಅಂಟುತ್ತದೆ, ಆಮೇಲೆ ಗಾಳದ ದಾರದ ಹಾಗೆ ಹಿಂದಕ್ಕೆ ಸುತ್ತಿಕೊಳ್ಳುತ್ತದೆ. ಹೊರಪೊರೆ ಇರುವ ಬ್ಯಾಕ್ಟೀರಿಯಗಳಲ್ಲಿ ಈ ದಾರ ಓಡಾಡುವ ರಂಧ್ರವೇ ಡಿಎನ್‌ಎಗೂ ದಾರಿ. ಹೊರಪೊರೆ ಇಲ್ಲದ, ದಪ್ಪ ಗೋಡೆಯ ನ್ಯುಮೋಕಾಕಸ್, ಬ್ಯಾಸಿಲಸ್‌ಗಳಲ್ಲಿ ಗೋಡೆ ದಾಟಿಸುವುದಕ್ಕೆ ಇದೇ ಜಾತಿಯ ದಾರ ಬೇಕು.

ಆಮೇಲೆ ಹಿಡಿಕೆ. ಒಳಗಡೆ ಕಾಮ್‌ಇಎ ಎಂಬ ಪ್ರೋಟೀನ್ ಬಂದಷ್ಟು ಡಿಎನ್‌ಎಗೆ ಅಂಟಿಕೊಂಡು ಹಿಂದಕ್ಕೆ ಜಾರದ ಹಾಗೆ ನೋಡಿಕೊಳ್ಳುತ್ತದೆ. ಬಾವಿಯ ಹಗ್ಗವನ್ನು ಒಂದು ಕೈಯಲ್ಲಿ ಎಳೆದು ಇನ್ನೊಂದರಲ್ಲಿ ಬಿಗಿಹಿಡಿದ ಹಾಗೆ. ಇಲ್ಲಿಯ ತನಕ ಎರಡೂ ಎಳೆ ಒಟ್ಟಿಗೇ ಇರುತ್ತವೆ.

ಕತ್ತರಿ ಬರುವುದು ಒಳಪೊರೆಯ ಬಳಿ. ನ್ಯುಮೋಕಾಕಸ್‌ನಲ್ಲಿ ಎಂಡ್‌ಎ ಎಂಬ ಕಿಣ್ವ ಒಂದು ಎಳೆಯನ್ನು ತುಂಡರಿಸುತ್ತ ಹೋಗುತ್ತದೆ, ಇನ್ನೊಂದು ಎಳೆ ಕಾಮ್‌ಇಸಿ ಎಂಬ ಕಿಂಡಿಯ ಮೂಲಕ ಒಳಗೆ ಸರಿಯುತ್ತದೆ. ವೇಗ ಸೆಕೆಂಡಿಗೆ ಸುಮಾರು 80ರಿಂದ 100 ಅಕ್ಷರ, ಅಂದರೆ ಡಿಎನ್‌ಎ ಎಳೆಯ ಬಿಡಿ ಘಟಕ. ಮೂರು ಸಾವಿರ ಅಕ್ಷರಗಳ ತುಂಡಾದರೆ ಅರ್ಧ ನಿಮಿಷದ ಕೆಲಸ. (ಇ. ಕೋಲಿಯಲ್ಲೂ ಎಂಡ್‌ಎ ಎಂಬ ಕಿಣ್ವವಿದೆ. ಹೆಸರು ಒಂದೇ, ಕೆಲಸ ಬೇರೆ. ಒಂದರ ಬಗ್ಗೆ ಓದಿದ್ದನ್ನು ಇನ್ನೊಂದಕ್ಕೆ ಅಂಟಿಸಬೇಡಿ.)

ಒಂಟಿ ಎಳೆ ಒಳಗೆ ಬರುತ್ತಲೇ ಎಸ್‌ಎಸ್‌ಬಿಬಿ ಮತ್ತು ಡಿಪಿಆರ್‌ಎ ಪ್ರೋಟೀನುಗಳು ಮುತ್ತಿಕೊಂಡು ಅದನ್ನು ಕಾಯುತ್ತವೆ. ಡಿಪಿಆರ್‌ಎ ಅದರ ಮೇಲೆ ರೆಕ್‌ಎಯನ್ನು ಕೂರಿಸುತ್ತದೆ. ರೆಕ್‌ಎ ಆ ಎಳೆಯನ್ನು ಹಿಡಿದುಕೊಂಡು ವರ್ಣತಂತುವಿನಲ್ಲಿ ಅದಕ್ಕೆ ಹೊಂದುವ ಜಾಗ ಹುಡುಕಿ, ಹಳೆಯ ಎಳೆಯನ್ನು ಸರಿಸಿ ಹೊಸದನ್ನು ಹೆಣೆಯುತ್ತದೆ. ಹೊಂದುವ ಜಾಗ ಸಿಗದಿದ್ದರೆ ಎಳೆ ಕರಗಿ ಬಿಡಿ ಅಕ್ಷರಗಳಾಗುತ್ತದೆ, ಆಹಾರವಾಗುತ್ತದೆ. ಬ್ಯಾಕ್ಟೀರಿಯಗಳು ಇಷ್ಟೆಲ್ಲ ಕಷ್ಟಪಡುವುದು ಹೊಸ ಜೀನಿಗಾಗಿಯೋ, ಕೆಟ್ಟ ಡಿಎನ್‌ಎ ರಿಪೇರಿಗಾಗಿಯೋ, ಬರೀ ಹೊಟ್ಟೆಪಾಡಿಗೋ ಎಂಬ ಜಗಳ ದಶಕಗಳಿಂದ ನಡೆದಿದೆ. ಹೊಟ್ಟೆಪಾಡಿನ ವಾದವನ್ನು ತಳ್ಳಿಹಾಕಲಾಗದು. ಆದರೆ ಒಂದು ಎಳೆಯನ್ನು ಇಷ್ಟು ಜೋಪಾನವಾಗಿ ರೆಕ್‌ಎ ಕೈಗೆ ಒಪ್ಪಿಸುವ ಡಿಪಿಆರ್‌ಎಯಂಥ ಪ್ರೋಟೀನ್ ಬರೀ ಊಟಕ್ಕೆ ಯಾಕೆ ಬೇಕು ಎಂಬ ಪ್ರಶ್ನೆ ಅದರ ಎದುರು ಗಟ್ಟಿಯಾಗಿ ನಿಲ್ಲುತ್ತದೆ.

ಒಂದೇ ಎಳೆ ಒಳಗೆ ಹೋಗುತ್ತದೆ ಎಂದು ಮೊದಲು ಹೇಗೆ ಗೊತ್ತಾಯಿತು? ಉಪಕರಣಗಳು ಕಮ್ಮಿಯಿದ್ದ ಕಾಲದ ಚಂದದ ಪ್ರಯೋಗ ಅದು. ಆಂಟಿಬಯಾಟಿಕ್ ನಿರೋಧ ಇರುವ ಡಿಎನ್‌ಎಯನ್ನು ನ್ಯುಮೋಕಾಕಸ್‌ಗೆ ಕೊಡಿ. ಎರಡು-ಮೂರು ನಿಮಿಷಕ್ಕೆ ಆ ಕೋಶಗಳನ್ನು ಒಡೆದು, ಅದರ ಡಿಎನ್‌ಎ ತೆಗೆದು ಮತ್ತೊಂದು ತಂಡಕ್ಕೆ ಕೊಡಿ. ನಿರೋಧ ದಾಟುವುದಿಲ್ಲ, ಡಿಎನ್‌ಎ ಮಾಯವಾದ ಹಾಗಿರುತ್ತದೆ. ಇನ್ನೂ ಹತ್ತು-ಹದಿನೈದು ನಿಮಿಷ ಬಿಟ್ಟು ಒಡೆದರೆ ನಿರೋಧ ಮತ್ತೆ ಸಿಗುತ್ತದೆ. 1960ರಲ್ಲಿ ಮಾರಿಸ್ ಫಾಕ್ಸ್ ಕಂಡ ಈ ಮರೆಗೆ 'ಎಕ್ಲಿಪ್ಸ್' ಎಂದು ಹೆಸರಾಯಿತು, ಗ್ರಹಣ. 1962ರಲ್ಲಿ ಸ್ಯಾನ್‌ಫರ್ಡ್ ಲ್ಯಾಕ್ಸ್ ಕಾರಣ ತೋರಿಸಿದರು: ಒಳಬಂದ ಡಿಎನ್‌ಎ ಆಗ ಒಂಟಿ ಎಳೆಯಾಗಿರುತ್ತದೆ, ಒಂಟಿ ಎಳೆಯನ್ನು ಇನ್ನೊಂದು ಕೋಶದ ಹಗ್ಗ ಸರಿಯಾಗಿ ಹಿಡಿಯದು. ವರ್ಣತಂತುವಿನಲ್ಲಿ ಹೆಣೆದು ಮತ್ತೆ ಜೋಡೆಳೆಯಾದ ಮೇಲೆ ಗ್ರಹಣ ಬಿಡುತ್ತದೆ.

ಯಾರ ಡಿಎನ್‌ಎ ಆದರೂ ನಡೆಯುತ್ತದೆಯೇ

ನ್ಯುಮೋಕಾಕಸ್‌ಗೂ ಬ್ಯಾಸಿಲಸ್‌ಗೂ ಬಾಗಿಲಲ್ಲಿ ಜಾತಿ ಕೇಳುವ ಅಭ್ಯಾಸವಿಲ್ಲ. ಸಾಲ್ಮನ್ ಮೀನಿನ ಡಿಎನ್‌ಎ ಕೊಟ್ಟರೂ ಎಳೆಯುತ್ತವೆ, ಹೊಂದದಿದ್ದರೆ ಕರಗಿಸುತ್ತವೆ. ಹಿಮೋಫಿಲಸ್ ಹಾಗಲ್ಲ. ಅದಕ್ಕೆ ಡಿಎನ್‌ಎಯಲ್ಲಿ 'ಎ-ಎ-ಜಿ-ಟಿ-ಜಿ-ಸಿ-ಜಿ-ಜಿ-ಟಿ' ಎಂಬ ಒಂಬತ್ತಕ್ಷರದ ಗುರುತು ಬೇಕು. ಅದರ ಜೀನೋಮ್ 18.3 ಲಕ್ಷ ಜೋಡಿ ಅಕ್ಷರಗಳದ್ದು (1995ರಲ್ಲಿ ಪೂರ್ತಿ ಓದಿದ, ಸ್ವತಂತ್ರವಾಗಿ ಬದುಕುವ ಜೀವಿಗಳ ಮೊದಲ ಜೀನೋಮ್ ಇದೇ). ಬರೀ ಆಕಸ್ಮಿಕವಾಗಿ ಬರುವುದಾದರೆ ಈ ಗುರುತು ಹತ್ತರ ಆಸುಪಾಸು ಸಿಗಬೇಕು. ಇರುವುದು 1,465 ಕಡೆ. ನೈಸೀರಿಯಕ್ಕೂ ತನ್ನದೇ ಹತ್ತಕ್ಷರದ ಗುರುತಿದೆ, 'ಜಿ-ಸಿ-ಸಿ-ಜಿ-ಟಿ-ಸಿ-ಟಿ-ಜಿ-ಎ-ಎ'. ಈ ಎರಡರಲ್ಲಿ ಪಿಸಿಆರ್ ತುಂಡು (ಲ್ಯಾಬಿನಲ್ಲಿ ನಕಲು ಮಾಡಿದ ಡಿಎನ್‌ಎ) ಬಳಸುವವರು ನಕಲು ಶುರುಮಾಡಿಸುವ ಪುಟ್ಟ ಎಳೆಯಾದ ಪ್ರೈಮರಿನ ತುದಿಗೇ ಗುರುತನ್ನು ಸೇರಿಸಿಬಿಡುವುದು ರೂಢಿ. ಅದು ಮರೆತರೆ ಕಾಲೊನಿಗಳು ನೂರರಿಂದ ಬೆರಳೆಣಿಕೆಗೆ ಇಳಿಯುತ್ತವೆ.

ಬಾಗಿಲು ದಾಟಿದ ಮೇಲೂ ಒಂದು ತಪಾಸಣೆ ಇದೆ. ಹೊಸ ಎಳೆಗೂ ಹಳೆಯ ಎಳೆಗೂ ಒಂದೆರಡು ಅಕ್ಷರ ವ್ಯತ್ಯಾಸವಿದ್ದರೆ ನ್ಯುಮೋಕಾಕಸ್‌ನ ಹೆಕ್ಸ್ ರಿಪೇರಿ ವ್ಯವಸ್ಥೆ ಹೊಸದನ್ನೇ ಕಿತ್ತುಹಾಕುತ್ತದೆ. ಹಾಗಾಗಿ ಒಂದಕ್ಷರದ ಬದಲಾವಣೆ ಕೆಲವೊಮ್ಮೆ ಕಷ್ಟಪಟ್ಟು ಸೇರುತ್ತದೆ, ಇಡೀ ಜೀನಿನ ಸೇರ್ಪಡೆ ಸಲೀಸಾಗಿ ಆಗುತ್ತದೆ. ಕೇಳುವುದಕ್ಕೆ ತಲೆಕೆಳಗು ಅನಿಸಿದರೂ ಲೆಕ್ಕ ಸರಿ: ಆ ರಿಪೇರಿಯ ಕಣ್ಣಿಗೆ ಬೀಳುವುದು ಸಣ್ಣ ತಪ್ಪುಗಳು ಮಾತ್ರ.

ಬ್ಯಾಸಿಲಸ್: ಎರಡು ಮಜಲಿನ ಅಡುಗೆ

ಕಾಲೇಜಿನ ಲ್ಯಾಬಿನಲ್ಲಿ ಸಹಜ ಟ್ರಾನ್ಸ್‌ಫರ್ಮೇಶನ್ ತೋರಿಸುವುದಿದ್ದರೆ ನ್ಯುಮೋಕಾಕಸ್ ಬೇಡ, ಅದು ರೋಗಾಣು. ಬ್ಯಾಸಿಲಸ್ ಸಬ್ಟಿಲಿಸ್ 168 ತಳಿ ತೆಗೆದುಕೊಳ್ಳಿ. ಅದು ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲವನ್ನು ತಾನೇ ಮಾಡಿಕೊಳ್ಳಲಾರದ ತಳಿ. ಟ್ರಿಪ್ಟೊಫಾನ್ ಮಾಡಬಲ್ಲ ಇನ್ನೊಂದು ತಳಿಯ ಡಿಎನ್‌ಎ ಕೊಟ್ಟು, ಟ್ರಿಪ್ಟೊಫಾನ್ ಇಲ್ಲದ ಪ್ಲೇಟಿನಲ್ಲಿ ಬೆಳೆಸಿದರಾಯಿತು, ಆಂಟಿಬಯಾಟಿಕ್ಕಿನ ಹಂಗೂ ಇಲ್ಲ.

ವಿಧಾನ 1961ರಷ್ಟು ಹಳೆಯದು, ಅನಗ್ನೊಸ್ಟೊಪೌಲಸ್ ಮತ್ತು ಸ್ಪಿಜೈಜನ್ ಅವರದು. ಗ್ಲೂಕೋಸ್, ಲವಣಗಳು, ಸ್ವಲ್ಪ ಕೇಸಿನ್ ಹೈಡ್ರೊಲೈಸೇಟ್, ಮಿಲಿಲೀಟರಿಗೆ 50 ಮೈಕ್ರೋಗ್ರಾಂ ಟ್ರಿಪ್ಟೊಫಾನ್ ಇರುವ ಮೊದಲ ಮಾಧ್ಯಮದಲ್ಲಿ 37 ಡಿಗ್ರಿಯಲ್ಲಿ ಜೋರಾಗಿ ಅಲ್ಲಾಡಿಸುತ್ತ ಬೆಳೆಸಿ, 20 ನಿಮಿಷಕ್ಕೊಮ್ಮೆ ಓಡಿ ಅಳೆದು ಗ್ರಾಫ್ ಕಾಗದದಲ್ಲಿ ಗುರುತಿಸುತ್ತ ಹೋಗಿ. ನೇರವಾಗಿ ಏರುತ್ತಿದ್ದ ಗೆರೆ ಬಾಗಲು ಶುರುವಾದ ಗಳಿಗೆಯೇ ಸೊನ್ನೆ ಗಳಿಗೆ. ಅಲ್ಲಿಂದ 90 ನಿಮಿಷ ಬಿಡಿ. ಆಮೇಲೆ 0.05 ಮಿಲಿಲೀಟರ್ ತೆಗೆದು, ಮೊದಲೇ ಬೆಚ್ಚಗೆ ಮಾಡಿಟ್ಟ 0.45 ಮಿಲಿಲೀಟರ್ ಎರಡನೇ ಮಾಧ್ಯಮಕ್ಕೆ ಹಾಕಿ. ಇದು ಇನ್ನೂ ಸಪ್ಪೆ, ಇದರಲ್ಲಿ ಕ್ಯಾಲ್ಸಿಯಂ-ಮೆಗ್ನೀಸಿಯಂ ಹೆಚ್ಚು. ಮತ್ತೆ 90 ನಿಮಿಷ. ಈಗ ಸುಮಾರು 1 ಮೈಕ್ರೋಗ್ರಾಂ ಡಿಎನ್‌ಎ ಹಾಕಿ ಅರ್ಧ ಗಂಟೆ ಅಲ್ಲಾಡಿಸಿ ಪ್ಲೇಟ್ ಮಾಡಿ. ಇಷ್ಟರಲ್ಲಿ ಕೆಡುವುದು ಹೆಚ್ಚಾಗಿ ಒಂದೇ ಕಡೆ. ಗ್ರಾಫ್ ಎಳೆಯದೆ 'ಅಂದಾಜು ನಾಲ್ಕು ಗಂಟೆ' ಎಂದು ಗಡಿಯಾರ ನೋಡಿದವರಿಗೆ ಸೊನ್ನೆ ಗಳಿಗೆ ತಪ್ಪುತ್ತದೆ.

ಎಲ್ಲ ಸರಿಯಾದರೂ ಕಾಂಪಿಟೆಂಟ್ ಆಗುವುದು ನೂರರಲ್ಲಿ ಹತ್ತಿಪ್ಪತ್ತು ಕೋಶ. ಒಂದೇ ತಳಿ, ಒಂದೇ ಫ್ಲಾಸ್ಕ್, ಆದರೂ ಹೀಗೆ. ಕಾಮ್‌ಕೆ ಎಂಬ ಪ್ರೋಟೀನಿನ ಪ್ರಮಾಣ ಕೆಲವು ಕೋಶಗಳಲ್ಲಿ ಆಕಸ್ಮಿಕವಾಗಿ ಒಂದು ಮಟ್ಟ ದಾಟುತ್ತದೆ, ದಾಟಿದ ಮೇಲೆ ತನ್ನನ್ನು ತಾನೇ ಇಮ್ಮಡಿ ಮುಮ್ಮಡಿ ಮಾಡಿಕೊಳ್ಳುತ್ತದೆ. ಈ ಹತ್ತಿಪ್ಪತ್ತು ಕೋಶಗಳು ಆ ಹೊತ್ತಿನಲ್ಲಿ ವಿಭಜಿಸುವುದೂ ಇಲ್ಲ. 1960ರ ದಶಕದಲ್ಲೇ ಇದನ್ನು ಪೆನ್ಸಿಲಿನ್ ಹಾಕಿ ಪತ್ತೆ ಮಾಡಿದ್ದರು. ಪೆನ್ಸಿಲಿನ್ ಕೊಲ್ಲುವುದು ಗೋಡೆ ಕಟ್ಟುತ್ತ ಬೆಳೆಯುವವರನ್ನು, ಕಾಂಪಿಟೆಂಟ್ ಕೋಶಗಳು ಪಾರಾದವು.

ಇಲ್ಲೊಂದು ಉಪಾಯವೂ ಅಡಗಿದೆ. ಡಿಎನ್‌ಎ ಧಾರಾಳವಾಗಿ ಕೊಟ್ಟರೆ ಆ ಕೆಲವೇ ಕೋಶಗಳು ಹಲವು ತುಂಡುಗಳನ್ನು ಒಟ್ಟಿಗೆ ಎಳೆದುಕೊಳ್ಳುತ್ತವೆ. ಆರಿಸಲು ಬರುವ ಒಂದು ಜೀನ್ ಜೊತೆಗೆ ಆರಿಸಲು ಬಾರದ ಇನ್ನೊಂದು ಬದಲಾವಣೆಯನ್ನೂ ಕೊಟ್ಟು, ಮೊದಲನೆಯದನ್ನು ಪಡೆದ ಕಾಲೊನಿಗಳಲ್ಲಿ ಎರಡನೆಯದನ್ನು ಹುಡುಕಿದರೆ ಸಿಗುವ ಸಂಭವ ಚೆನ್ನಾಗಿರುತ್ತದೆ. ಲ್ಯಾಬ್ ಭಾಷೆಯಲ್ಲಿ ಇದು ಕಾಂಗ್ರೆಷನ್. ಹಾಗಾಗಿ ಎರಡು ಜೀನುಗಳು ಒಟ್ಟಿಗೆ ಬಂದವು ಎಂದ ಮಾತ್ರಕ್ಕೆ ಅವು ಅಕ್ಕಪಕ್ಕ ಇವೆ ಎಂದು ತೀರ್ಮಾನಿಸಬಾರದು, ಡಿಎನ್‌ಎ ಕಡಿಮೆ ಮಾಡಿ ಇನ್ನೊಮ್ಮೆ ನೋಡಬೇಕು.

ಇನ್ನು ಹೆಚ್ಚು ಜನ ತಲೆಕೆರೆದುಕೊಳ್ಳುವ ವಿಷಯ. ಇ. ಕೋಲಿಗೆ ಸುಲಭವಾಗಿ ಹೋಗುವ ಪ್ಲಾಸ್ಮಿಡ್ ಬ್ಯಾಸಿಲಸ್‌ಗೆ ಹೋಗುವುದೇ ಇಲ್ಲ, ಅದೇ ಬ್ಯಾಸಿಲಸ್‌ಗೆ ವರ್ಣತಂತುವಿನ ಡಿಎನ್‌ಎ ಸಲೀಸು. ಯಾಕೆ? ಒಂದೆಳೆ! ಪ್ಲಾಸ್ಮಿಡ್ ಬಳೆಯಾಗಿದ್ದದ್ದು ಬಾಗಿಲಲ್ಲಿ ತುಂಡಾಗಿ, ನೇರವಾದ ಒಂಟಿ ಎಳೆಯಾಗಿ ಒಳಬರುತ್ತದೆ. ಮತ್ತೆ ಬಳೆಯಾಗಲು ಅದರ ಎರಡು ತುದಿಗಳಲ್ಲಿ ಒಂದೇ ಬರಹ ಮರುಕಳಿಸಬೇಕು. ಒಂಟಿ ಪ್ಲಾಸ್ಮಿಡ್‌ನಲ್ಲಿ ಅದಿಲ್ಲ. ಎರಡು-ಮೂರು ಪ್ರತಿಗಳು ಸಾಲಾಗಿ ಬೆಸೆದುಕೊಂಡ ಮಲ್ಟಿಮರ್‌ನಲ್ಲಿ ಇದೆ. ಈಗ ಗಮನಿಸಿ, ಲ್ಯಾಬುಗಳಲ್ಲಿ ಪ್ಲಾಸ್ಮಿಡ್ ತಯಾರಿಸಲು ಬಳಸುವ ಡಿಎಚ್‌5 ಆಲ್ಫಾ ತಳಿಗೆ ರೆಕ್‌ಎ ಇಲ್ಲ, ಅದರಲ್ಲಿ ಮಲ್ಟಿಮರ್ ಆಗುವುದು ಅಪರೂಪ. ರೆಕ್‌ಎ ಇರುವ ಜೆಎಂ101ನಂಥ ತಳಿಯಲ್ಲಿ ಅದೇ ಪ್ಲಾಸ್ಮಿಡ್ ಬೆಳೆಸಿ ತೆಗೆದುಕೊಟ್ಟರೆ ಬ್ಯಾಸಿಲಸ್ ಒಪ್ಪುತ್ತದೆ. ಇಲ್ಲವೇ ಪ್ಲಾಸ್ಮಿಡ್ ಗೊಡವೆಯೇ ಬೇಡ ಎಂದು, ಬೇಕಾದ ಜೀನಿನ ಎರಡೂ ಬದಿಗೆ ಸುಮಾರು 1,000 ಅಕ್ಷರ ವರ್ಣತಂತುವಿನ ಬರಹ ಸೇರಿಸಿದ ನೇರ ಪಿಸಿಆರ್ ತುಂಡು ಕೊಡಿ. ಇ. ಕೋಲಿಯಲ್ಲಿ ಕಥೆ ಪೂರ್ತಿ ಉಲ್ಟಾ. ಅಲ್ಲಿ ಬಳೆ ಉಳಿಯುತ್ತದೆ, ನೇರ ತುಂಡಿನ ತುದಿ ಸಿಕ್ಕಿದರೆ ರೆಕ್‌ಬಿಸಿಡಿ ಕಿಣ್ವ ತಿಂದು ಮುಗಿಸುತ್ತದೆ.

ಇ. ಕೋಲಿಗೆ ಕನ್ನ

1970ರಲ್ಲಿ ಮ್ಯಾಂಡೆಲ್ ಮತ್ತು ಹಿಗಾ ಕ್ಯಾಲ್ಸಿಯಂ ಇದ್ದರೆ ವೈರಸ್ಸಿನ ಡಿಎನ್‌ಎ ಇ. ಕೋಲಿಯೊಳಗೆ ಹೋಗುತ್ತದೆ ಎಂದು ತೋರಿಸಿದರು. 1972ರಲ್ಲಿ ಸ್ಟ್ಯಾನ್ಲಿ ಕೋಹೆನ್ ತಂಡ ಪ್ಲಾಸ್ಮಿಡ್ ಸೇರಿಸಿತು. ಡಿಎನ್‌ಎಯೂ ಋಣ, ಕೋಶದ ಹೊರಮೈಯೂ ಋಣ. ಎರಡರ ನಡುವಿನ ವಿರೋಧವನ್ನು ಕ್ಯಾಲ್ಸಿಯಂ ತಗ್ಗಿಸುತ್ತದೆ.

100 ಮಿಲಿಲೀಟರ್ ಎಲ್‌ಬಿ ಮಾಧ್ಯಮಕ್ಕೆ ರಾತ್ರಿಯ ಕಲ್ಚರ್ 1 ಮಿಲಿಲೀಟರ್ ಹಾಕಿ, ಓಡಿ 0.35–0.4 ಬಂದ ಕೂಡಲೇ ಐಸಿನಲ್ಲಿಡಿ. 0.6 ದಾಟಿದರೆ ಮತ್ತೆ ಮೊದಲಿಂದ ಮಾಡುವುದೇ ವಾಸಿ. 15 ನಿಮಿಷ ಬಿಟ್ಟು 4 ಡಿಗ್ರಿಯಲ್ಲಿ 3,000 ಜಿ, 10 ನಿಮಿಷ ತಿರುಗಿಸಿ. ತಳದ ಕೋಶಗಳನ್ನು ಐಸ್‌ನಷ್ಟು ತಣ್ಣಗಿನ 0.1 ಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್ 20 ಮಿಲಿಲೀಟರಿನಲ್ಲಿ ಮೆಲ್ಲಗೆ ಕಲಕಿ. ವೋರ್ಟೆಕ್ಸ್ ಯಂತ್ರದಲ್ಲಿ ಅಲ್ಲಾಡಿಸುವುದು ಬೇಡ. ಅರ್ಧ ಗಂಟೆ ಐಸ್, ಮತ್ತೆ ತಿರುಗಿಸಿ, ಶೇಕಡಾ 15 ಗ್ಲಿಸರಾಲ್ ಇರುವ ಅದೇ ದ್ರಾವಣ 4 ಮಿಲಿಲೀಟರಿನಲ್ಲಿ ಎತ್ತಿಕೊಳ್ಳಿ. ಮೈನಸ್ 80ರಲ್ಲಿಟ್ಟ ಟ್ಯೂಬನ್ನು ಒಮ್ಮೆ ಕರಗಿಸಿದರೆ ಮುಗಿಯಿತು, ಉಳಿದದ್ದನ್ನು ಮತ್ತೆ ಫ್ರೀಜ್ ಮಾಡಬೇಡಿ. ದ್ರಾವಣ ಮಾಡುವಾಗ ಡಬ್ಬಿಯ ಲೇಬಲ್ ಓದಿ: ಡೈಹೈಡ್ರೇಟ್ ಆದರೆ 100 ಮಿಲಿಲೀಟರಿಗೆ 1.47 ಗ್ರಾಂ, ನೀರಿಲ್ಲದ್ದಾದರೆ 1.11 ಗ್ರಾಂ. ನೀರಿಲ್ಲದ್ದು ನಮ್ಮ ಮಳೆಗಾಲದಲ್ಲಿ ಡಬ್ಬಿ ತೆರೆದಿಟ್ಟರೆ ಗಾಳಿಯ ತೇವ ಹೀರಿ ತೂಕವನ್ನೇ ಸುಳ್ಳು ಮಾಡುತ್ತದೆ. ಸೋಪು ಸರಿಯಾಗಿ ತೊಳೆಯದ ಫ್ಲಾಸ್ಕ್ ಕೂಡ ಬ್ಯಾಚನ್ನೇ ಹಾಳುಗೆಡವಬಲ್ಲದು.

50 ಮೈಕ್ರೋಲೀಟರ್ ಕೋಶ, 1ರಿಂದ 2 ಮೈಕ್ರೋಲೀಟರ್ ಡಿಎನ್‌ಎ, ಐಸಿನಲ್ಲಿ 30 ನಿಮಿಷ. 42 ಡಿಗ್ರಿ 45 ಸೆಕೆಂಡ್, ಮತ್ತೆ ಐಸ್ 2 ನಿಮಿಷ. ಈ 45 ಸೆಕೆಂಡು ತೆಳು ಟ್ಯೂಬು ನೀರಿನಲ್ಲಿ ಮುಳುಗಿದಾಗಿನ ಲೆಕ್ಕ. ಒಣ ಬ್ಲಾಕಿನ ಕುಳಿಯಲ್ಲಿ ಟ್ಯೂಬಿನ ಸುತ್ತ ಗಾಳಿಯಿದ್ದರೆ ಒಳಗಿನ ದ್ರವ 42 ಮುಟ್ಟುವುದೇ ಇಲ್ಲ. ಕುಳಿಗೆ ನಾಲ್ಕು ಹನಿ ನೀರು ಹಾಕಿ ಆಮೇಲೆ ಟ್ಯೂಬಿಡಿ. ನಂತರ 950 ಮೈಕ್ರೋಲೀಟರ್ ಎಸ್‌ಒಸಿ ಎಂಬ ಪೋಷಕ ಮಾಧ್ಯಮ ಹಾಕಿ 37 ಡಿಗ್ರಿಯಲ್ಲಿ ಒಂದು ಗಂಟೆ. ಆಂಪಿಸಿಲಿನ್ ನಿರೋಧದ ಪ್ಲಾಸ್ಮಿಡ್ ಆದರೆ ಈ ಒಂದು ಗಂಟೆಯನ್ನು ಸ್ವಲ್ಪ ಕಡಿಮೆ ಮಾಡುವ ಕಳ್ಳಾಟ ನಡೆಯುತ್ತದೆ. ಕ್ಯಾನಮೈಸಿನ್ ಆದರೆ ನಡೆಯದು, ಅದು ನೇರ ರೈಬೋಸೋಮಿಗೇ ಹೊಡೆಯುತ್ತದೆ, ನಿರೋಧದ ಪ್ರೋಟೀನ್ ಅಷ್ಟರಲ್ಲಿ ತಯಾರಾಗಿರಲೇಬೇಕು.

ಲೆಕ್ಕ ಹೀಗೆ. ಪಿಯುಸಿ19 ಪ್ಲಾಸ್ಮಿಡ್ 100 ಪಿಕೋಗ್ರಾಂ ಕೊಟ್ಟಿದ್ದೀರಿ, ಒಟ್ಟು 1 ಮಿಲಿಲೀಟರಿನಲ್ಲಿ 100 ಮೈಕ್ರೋಲೀಟರ್ ಹರಡಿದ್ದೀರಿ, 150 ಕಾಲೊನಿ ಬಂದಿವೆ. ಪ್ಲೇಟಿಗೆ ಬಿದ್ದದ್ದು 10 ಪಿಕೋಗ್ರಾಂ. ಒಂದು ಮೈಕ್ರೋಗ್ರಾಮಿನಲ್ಲಿ 10 ಲಕ್ಷ ಪಿಕೋಗ್ರಾಂ. ಹಾಗಾಗಿ ದಕ್ಷತೆ ಮೈಕ್ರೋಗ್ರಾಮಿಗೆ ಒಂದೂವರೆ ಕೋಟಿ. ಕೇಳುವುದಕ್ಕೆ ದೊಡ್ಡದು. ಇದನ್ನೇ ತಿರುಗಿಸಿ ನೋಡಿ: 2,686 ಜೋಡಿ ಅಕ್ಷರಗಳ ಪಿಯುಸಿ19 ನೂರು ಪಿಕೋಗ್ರಾಮಿನಲ್ಲಿ ಸುಮಾರು 3.4 ಕೋಟಿ ಬಳೆಗಳಿರುತ್ತವೆ. ಒಟ್ಟು ಬಂದ ಕಾಲೊನಿ 1,500. ಸುಮಾರು 23 ಸಾವಿರ ಬಳೆಗೆ ಒಂದು ಕಾಲೊನಿ. ಕನ್ನ ಎಂದದ್ದು ಇದಕ್ಕೇ.

ವಿದ್ಯುತ್ತಿನ ಹೊಡೆತ, ಅಂದರೆ ಎಲೆಕ್ಟ್ರೊಪೊರೇಷನ್, ಇದಕ್ಕಿಂತ ನೂರಾರು ಪಟ್ಟು ಚೆನ್ನ. 1 ಮಿಲಿಮೀಟರ್ ಕುವೆಟ್, 1.8 ಕಿಲೋವೋಲ್ಟ್, 25 ಮೈಕ್ರೋಫ್ಯಾರಡ್, 200 ಓಮ್, ಮೀಟರಿನಲ್ಲಿ 5 ಮಿಲಿಸೆಕೆಂಡ್ ಹತ್ತಿರ ಬಂದರೆ ಹೊಡೆತ ಸರಿ. 'ಟಪ್' ಎಂದು ಕಿಡಿ ಹಾರಿದರೆ ಉಪ್ಪು ಉಳಿದಿದೆ ಎಂದರ್ಥ, ಸಾಮಾನ್ಯವಾಗಿ ಡಿಎನ್‌ಎ ತುಂಡು ಬೆಸೆಯುವ ಲೈಗೇಷನ್ ಬಫರಿನದು. ಹೊಡೆತವಾದ ನಿಮಿಷದೊಳಗೆ ಎಸ್‌ಒಸಿ ಬೀಳಬೇಕು.

ಖಾಲಿ ಪ್ಲೇಟಿಗಿಂತ ಅಪಾಯಕಾರಿಯಾದದ್ದು ತುಂಬಿದ ಪ್ಲೇಟ್. ಆಂಪಿಸಿಲಿನ್ ಪ್ಲೇಟಿನಲ್ಲಿ ಒಂದು ದೊಡ್ಡ ಕಾಲೊನಿ, ಅದರ ಸುತ್ತ ಸಾಸಿವೆ ಚೆಲ್ಲಿದ ಹಾಗೆ ಪುಟ್ಟ ಕಾಲೊನಿಗಳು ಕಂಡರೆ ಪುಟ್ಟವನ್ನು ಮುಟ್ಟಬೇಡಿ. ದೊಡ್ಡದು ಬಿಟ್ಟ ಕಿಣ್ವ ಸುತ್ತಲಿನ ಆಂಪಿಸಿಲಿನ್ ಕರಗಿಸಿದೆ, ಪ್ಲಾಸ್ಮಿಡ್ ಇಲ್ಲದವು ಆ ನೆರಳಿನಲ್ಲಿ ಬೆಳೆದಿವೆ. 16 ಗಂಟೆಗೇ ಪ್ಲೇಟ್ ಹೊರತೆಗೆದರೆ ಈ ತೊಂದರೆ ಕಮ್ಮಿ. ಡಿಎನ್‌ಎ ಇಲ್ಲದ ಕೋಶಗಳ ಪ್ಲೇಟ್ ಒಂದು ಯಾವಾಗಲೂ ಇರಲಿ. ಸಹಜ ಟ್ರಾನ್ಸ್‌ಫರ್ಮೇಶನ್ ಆದರೆ ಇನ್ನೊಂದು ಟ್ಯೂಬಿಗೆ ಮೊದಲೇ ಡಿಎನ್‌ಏಸ್ (ಡಿಎನ್‌ಎ ಕರಗಿಸುವ ಕಿಣ್ವ) ಹಾಕಿ. ಅದರಲ್ಲೂ ಕಾಲೊನಿ ಬಂದರೆ ನೀವು ನೋಡುತ್ತಿರುವುದು ಟ್ರಾನ್ಸ್‌ಫರ್ಮೇಶನ್ ಅಲ್ಲ.

ಗಂಟಲಿನಿಂದ ಆಸ್ಪತ್ರೆಗೆ

ಪೆನ್ಸಿಲಿನ್‌ಗೆ ಬಗ್ಗದ ನ್ಯುಮೋಕಾಕಸ್ ಆ ಗುಣವನ್ನು ಪ್ಲಾಸ್ಮಿಡ್‌ನಿಂದ ಪಡೆದದ್ದಲ್ಲ. ಪೆನ್ಸಿಲಿನ್ ಅಂಟುವ ಪ್ರೋಟೀನುಗಳ ಜೀನುಗಳಲ್ಲಿ (ಪಿಬಿಪಿ2ಎಕ್ಸ್, ಪಿಬಿಪಿ2ಬಿ, ಪಿಬಿಪಿ1ಎ) ಅಲ್ಲಲ್ಲಿ ತೇಪೆ ಹಾಕಿದ ಹಾಗೆ ಬೇರೆಯವರ ತುಂಡುಗಳಿವೆ. ಆ ತುಂಡುಗಳು ಅದೇ ಗಂಟಲಿನ ಸ್ಟ್ರೆಪ್ಟೊಕಾಕಸ್ ಮೈಟಿಸ್‌ನಂಥ ಸಾಧು ನೆರೆಯವರಿಂದ ಬಂದವು. ಅದರ ಮೇಲೆ ಇನ್ನೊಂದು ಜೋಡಣೆ ನೋಡಿ: ಪಿಬಿಪಿ2ಎಕ್ಸ್ ಮತ್ತು ಪಿಬಿಪಿ1ಎ ಇರುವುದು ಕವಚದ ಜೀನುಗಳ ಎಡಬಲಕ್ಕೆ. ಉದ್ದನೆಯ ತುಂಡೊಂದು ಬಂದರೆ ಪೆನ್ಸಿಲಿನ್ ನಿರೋಧವೂ ಹೊಸ ಕವಚವೂ ಒಟ್ಟಿಗೇ ಬರಬಹುದು. ನ್ಯುಮೋಕಾಕಸ್ ಲಸಿಕೆ ಗುರಿಯಿಡುವುದು ಕವಚವನ್ನೇ. ನೂರಕ್ಕೂ ಹೆಚ್ಚು ಬಗೆಯ ಕವಚಗಳಲ್ಲಿ ಲಸಿಕೆ ಒಳಗೊಳ್ಳುವುದು ಕೆಲವನ್ನು ಮಾತ್ರ. ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ ಈ ಲಸಿಕೆ 2017ರಿಂದ ಹಂತ ಹಂತವಾಗಿ ಸೇರಿದೆ. ಅದು ಮಕ್ಕಳ ಜೀವ ಉಳಿಸುವ ಲಸಿಕೆ, ಹಾಕಿಸಲೇಬೇಕು. ಯಾವ ಕವಚಗಳು ಈಗ ಓಡಾಡುತ್ತಿವೆ ಎಂದು ನೋಡುತ್ತಲೂ ಇರಬೇಕು.

ನೆರೆಯವರು ಸಾಯುವ ತನಕ ಇವು ಕಾಯುವುದೂ ಇಲ್ಲ. ಕಾಂಪಿಟೆಂಟ್ ನ್ಯುಮೋಕಾಕಸ್ ಸಿಬಿಪಿಡಿ ಎಂಬ ಕಿಣ್ವ ಬಿಟ್ಟು, ಕಾಂಪಿಟೆಂಟ್ ಆಗದ ಒಡಹುಟ್ಟಿದವರ ಗೋಡೆಯನ್ನೇ ಒಡೆಯುತ್ತದೆ. ತನಗೆ ಮಾತ್ರ ಕಾಮ್‌ಎಂ ಎಂಬ ರಕ್ಷೆ ಕಟ್ಟಿಕೊಂಡಿರುತ್ತದೆ. ಫ್ಲೋರೋಕ್ವಿನೊಲೋನ್ ಗುಂಪಿನ ಆಂಟಿಬಯಾಟಿಕ್‌ಗಳು ಅದರಲ್ಲಿ ಕಾಂಪಿಟೆನ್ಸ್ ಕೆರಳಿಸುತ್ತವೆ ಎಂದು 2006ರಲ್ಲಿ ತೋರಿಸಲಾಯಿತು. ಕಾಲರಾದಲ್ಲೂ ಹೀಗೇ. 1992ರಲ್ಲಿ ದಕ್ಷಿಣ ಭಾರತದಲ್ಲಿ ಕಾಣಿಸಿ ಬಂಗಾಳದತ್ತ ಹರಡಿದ ಒ139 ಬಗೆಯ ಹೊರಮೈಯ ಜೀನುಗಳನ್ನು ಕೈಟಿನ್ ಮೇಲೆ ಬೆಳೆದ ಒ1 ಬಗೆಗೆ ಲ್ಯಾಬಿನಲ್ಲಿ ದಾಟಿಸಿ, ಒ1 ಒ139 ಆಗಿ ಬದಲಾಗುವುದನ್ನು 2007ರಲ್ಲಿ ಕಂಡಿದ್ದಾರೆ.

ಸಿಂಕಿಗೆ ಸುರಿಯುವ ಮುನ್ನ

ಈಗ ಗ್ರಿಫಿತ್‌ನ 60 ಡಿಗ್ರಿಗೆ ಮರಳೋಣ. ಕೊಂದ ಕಲ್ಚರಿನಲ್ಲೂ ಡಿಎನ್‌ಎ ಉಳಿಯುತ್ತದೆ ಎಂಬುದು ನಮ್ಮ ಲ್ಯಾಬಿನ ಕಸಕ್ಕೂ ಅನ್ವಯಿಸುತ್ತದೆ. ಶೇಕಡಾ 70 ಆಲ್ಕೋಹಾಲ್ ಸುರಿದರೆ ಕೋಶ ಸಾಯುತ್ತದೆ, ಆಂಪಿಸಿಲಿನ್ ನಿರೋಧದ ಪ್ಲಾಸ್ಮಿಡ್‌ಗೆ ಏನೂ ಆಗುವುದಿಲ್ಲ. ಡಿಎನ್‌ಎಯನ್ನು ಶುದ್ಧಿ ಮಾಡುವಾಗ ನಾವೇ ತೊಳೆಯುವುದು ಅದೇ ಶೇಕಡಾ 70 ಆಲ್ಕೋಹಾಲಿನಲ್ಲಿ! ಕಲ್ಚರನ್ನೂ ಪ್ಲೇಟುಗಳನ್ನೂ 121 ಡಿಗ್ರಿಯಲ್ಲಿ ಆಟೋಕ್ಲೇವ್ ಮಾಡಿ. ಲೀಟರ್ ಫ್ಲಾಸ್ಕ್ ತುಂಬ ಕಲ್ಚರ್ ಇದ್ದರೆ 15 ನಿಮಿಷ ಸಾಲದು, ನಡುವಿನ ದ್ರವ ಬಿಸಿಯಾಗುವುದಕ್ಕೇ ಹೊತ್ತು ಬೇಕು. ಮೇಜು, ಪಿಪೆಟ್ ಒರೆಸಲು ಹೊಸದಾಗಿ ಬೆರೆಸಿದ ಬ್ಲೀಚ್ ಒಳ್ಳೆಯದು, ಅದು ಡಿಎನ್‌ಎಯನ್ನೂ ಹಾಳು ಮಾಡುತ್ತದೆ. ಎರಡನ್ನೂ ಒಟ್ಟಿಗೆ ಮಾತ್ರ ಮಾಡಬೇಡಿ. ಬ್ಲೀಚ್ ಬೆರೆಸಿದ ಕಲ್ಚರನ್ನು ಆಟೋಕ್ಲೇವಿಗೆ ಇಟ್ಟರೆ ಮುಚ್ಚಳ ತೆಗೆದವರ ಮೂಗಿಗೆ ಬಡಿಯುವುದು ಕ್ಲೋರಿನ್.